ಮನೆಯಲ್ಲೇ ಕಾರಿಗೆ ಬಣ್ಣ ಹೊಡೆಯಲು ಯಾವ ಕಂಪ್ರೆಸರ್ ತಗೊಳ್ಳಲಿ? 50 ಲೀಟರ್ ಸಾಕಾ?

ಸಾಗರದ_800
ಎಲ್ಲರಿಗೂ ನಮಸ್ಕಾರ. ಅಪ್ಪನ 1999ರ ಮಾರುತಿ 800 ಇದೆ, ಕೆಂಪು ಬಣ್ಣದ್ದು. ಈಗ ಕೆಂಪು ಅಂತ ಆರ್‌ಸಿ ಬುಕ್ಕಲ್ಲಿ ಮಾತ್ರ ಇದೆ. ಬಾನೆಟ್ಟು, ಟಾಪು ಎರಡೂ ಬಿಸಿಲಿಗೆ ಬಿಳಿಚಿಕೊಂಡು ಹಳೇ ಪ್ಲಾಸ್ಟಿಕ್ ಬಕೆಟ್ ಥರ ಆಗಿವೆ. ಎಂಜಿನ್‌ಗೆ ಮಾತ್ರ ಒಂದು ಕೆಮ್ಮಿಲ್ಲ.

ನಾನೇ ಬಣ್ಣ ಹೊಡೆಯೋಣ ಅಂತ ಹೊರಟಿದ್ದೇನೆ. ಅಡಿಕೆ ಶೆಡ್ಡು ಈಗ ಖಾಲಿ ಇದೆ, ಜಾಗಕ್ಕೆ ತೊಂದರೆ ಇಲ್ಲ. ತಲೆ ಕೆಟ್ಟಿರೋದು ಕಂಪ್ರೆಸರ್ ವಿಷಯದಲ್ಲಿ. ಒಬ್ಬ ಅಂಗಡಿಯವರು 1 ಎಚ್‌ಪಿ, 24 ಲೀಟರ್ ಧಾರಾಳ ಸಾಕು ಅಂದರು. ಇನ್ನೊಬ್ಬರು 2 ಎಚ್‌ಪಿ, 50 ಲೀಟರ್ ಇಲ್ಲದಿದ್ದರೆ ಕೈ ಹಾಕಲೇಬೇಡ ಅಂದರು. ವಿಡಿಯೊಗಳಲ್ಲಿ ನೋಡಿದರೆ ಎಲ್ಲರ ಹತ್ತಿರವೂ ನಮ್ಮ ನೀರಿನ ಟ್ಯಾಂಕಿನಷ್ಟು ದೊಡ್ಡದು. ನನ್ನ ಬಜೆಟ್ 20 ಸಾವಿರ, ಬಣ್ಣ ಸಿಂಪಡಿಸೋ ಸ್ಪ್ರೇ ಗನ್ನು ಸೇರಿ. ಏನು ಮಾಡಲಿ?

ಬ್ರೇಕ್‌ಫೇಲ್
ಗ್ಯಾರೇಜಿಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ ಗುರುಗಳೇ.

ಸಾಗರದ_800
38 ಸಾವಿರ ಕೇಳಿದರು. ಗಾಡಿ ಮಾರಿದರೂ ಅಷ್ಟು ಹುಟ್ಟಲ್ಲ.

ಹೊಸ್ದಾಗಿ_ಬಂದೆ
ನನ್ನ ಹತ್ತಿರ ಟೈರಿಗೆ ಗಾಳಿ ಹಾಕೋ ಪುಟ್ಟ ಮೆಷಿನ್ ಇದೆ, ಸಿಗರೇಟ್ ಸಾಕೆಟ್ಟಿಗೆ ಚುಚ್ಚೋದು. 150 ಪಿಎಸ್ಐ ಅಂತ ಬರೆದಿದೆ. ಗನ್ನಿಗೆ 30 ಪಿಎಸ್ಐ ಸಾಕಂತಲ್ಲ, ಇದರಲ್ಲೇ ಆಗಲ್ವಾ?

ಬ್ರೇಕ್‌ಫೇಲ್
ಆಗುತ್ತೆ. ಆಟಿಕೆ ಕಾರಾದರೆ.

ದಾವಣಗೆರೆ_ಪೇಂಟರ್
ನಗಬೇಡಿ, ಆ ಹುಡುಗ ಕೇಳಿದ್ದು ಒಳ್ಳೇ ಪ್ರಶ್ನೆ. ಎಲ್ಲರೂ ಎಡವೋದು ಅಲ್ಲೇ. ಒತ್ತಡ ಬೇರೆ, ಗಾಳಿಯ ಪ್ರಮಾಣ ಬೇರೆ. ಟೈರಿನ ಮೆಷಿನ್ ಒತ್ತಡ ಕೊಡುತ್ತೆ, ಆದರೆ ಬರೋ ಗಾಳಿ ಇಷ್ಟೇ ಇಷ್ಟು. ಗನ್ನಿಗೆ ಬೇಕಿರೋದು ಕಮ್ಮಿ ಒತ್ತಡದಲ್ಲಿ ಜಾಸ್ತಿ ಗಾಳಿ, ಅದೂ ನಿಲ್ಲದೆ.

ಸಾಗರದ ತಮ್ಮಾ, ನೀನು ಕಂಪ್ರೆಸರ್ ಕೇಳಿದೆ, ಗನ್ನು ಯಾವುದು ಅಂತ ಹೇಳಲೇ ಇಲ್ಲ. ಗಾಡಿಯ ಭಾರ ನೋಡಿ ಎತ್ತು ಕೊಳ್ಳಬೇಕು. ಎಚ್‌ವಿಎಲ್‌ಪಿ (ಹೈ ವಾಲ್ಯೂಮ್, ಲೋ ಪ್ರೆಷರ್) ಗನ್ನು ಅಂದರೆ 10ರಿಂದ 15 ಸಿಎಫ್ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ, ಕುಡಿಯುತ್ತೆ. ಹೆಸರಲ್ಲಿ 'ಲೋ ಪ್ರೆಷರ್' ಇದೆ ಅಂತ ಸಣ್ಣ ಕಂಪ್ರೆಸರಿಗೆ ಹಾಕಿ ಎಷ್ಟೋ ಜನ ಕೆಟ್ಟಿದ್ದಾರೆ. ಎಲ್‌ವಿಎಲ್‌ಪಿ (ಲೋ ವಾಲ್ಯೂಮ್, ಲೋ ಪ್ರೆಷರ್) ಅಂತ ಬರುತ್ತೆ, ಅದು 4ರಿಂದ 6 ಸಿಎಫ್ಎಂನಲ್ಲಿ ಕೆಲಸ ಮಾಡುತ್ತೆ. ಸ್ವಲ್ಪ ನಿಧಾನ, ಹೊಡೆತದ ಅಗಲ ಕಮ್ಮಿ, ಆದರೆ ಮನೆ ಕೆಲಸಕ್ಕೆ ಅದೇ ಸರಿ. ಟಚಪ್ಪಿನ ಸಣ್ಣ ಗನ್ನು ಇನ್ನೂ ಕಮ್ಮಿ ಕುಡಿಯುತ್ತೆ, ಆದರೆ ಅದರಲ್ಲಿ ಪೂರ್ತಿ ಬಾನೆಟ್ಟು ಹೊಡೆದರೆ ಪಟ್ಟೆ ಪಟ್ಟೆ ಹುಲಿ ಆಗುತ್ತೆ.

ಬಣ್ಣಕ್ಕೆ 1.3 ಅಥವಾ 1.4 ಎಂಎಂ ನಾಜಲ್ಲು, ಪ್ರೈಮರಿಗೆ 1.7ರ ಹತ್ತಿರ. ಎರಡನ್ನೂ ಒಂದೇ ನಾಜಲ್ಲಲ್ಲಿ ಹೊಡೀತೀನಿ ಅಂತ ಹಟ ಮಾಡಬೇಡ.

ಮೈಸೂರು_ಮೆಕ್
ಪೇಂಟರ್ ಸರ್ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ.

ಪೆಟ್ಟಿಗೆ ಮೇಲೆ ಬರೆದಿರೋ ಸಿಎಫ್ಎಂ ನಂಬಬೇಡಿ. ಬಹಳ ಕಂಪನಿಗಳು ಪಿಸ್ಟನ್ನು ಎಷ್ಟು ಗಾಳಿ ಎಳೆಯುತ್ತೆ ಅನ್ನೋ ಅಂಕಿ ಹಾಕುತ್ತವೆ. ನಮಗೆ ಬೇಕಿರೋದು ಎಷ್ಟು ಗಾಳಿ ಹೊರಗೆ ಬರುತ್ತೆ ಅನ್ನೋದು, ಅದಕ್ಕೆ ಎಫ್ಎಡಿ ಅಂತಾರೆ. ಪೆಟ್ಟಿಗೆ ಮೇಲೆ 7 ಅಂತಿದ್ದರೆ ಕೈಗೆ ಸಿಗೋದು ನಾಲ್ಕೂವರೆ, ಹೆಚ್ಚೆಂದರೆ ಐದು.

ಈಗ ಟ್ಯಾಂಕು. 50 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 3 ಬಾರ್‌ಗೆ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್ಐ) ಇಳಿಯೋವರೆಗೆ ಸಿಗೋ ಗಾಳಿ 50 × 5 = 250 ಲೀಟರ್. ಒಂದು ಸಿಎಫ್ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಗನ್ನು 10 ಸಿಎಫ್ಎಂ ಕುಡಿಯುತ್ತೆ, ಕಂಪ್ರೆಸರ್ 5 ಕೊಡುತ್ತೆ ಅಂದುಕೊಳ್ಳಿ. ಕೊರತೆ ನಿಮಿಷಕ್ಕೆ 140 ಲೀಟರ್. ಅಂದರೆ ಒಂದೂಮುಕ್ಕಾಲು ನಿಮಿಷ ಹೊಡೆಯಬಹುದು. 800ರ ಒಂದು ಬಾಗಿಲಿಗೆ ಸಾಕು, ಟಾಪಿಗೆ ಸಾಕಾಗಲ್ಲ.

ಟೆರೇಸ್_ಗ್ಯಾರೇಜ್
ಮೆಕ್ ಸರ್, ಒಂದು ತಪ್ಪಿದೆ. ಟ್ಯಾಂಕು ತುಂಬಿ ಸ್ವಿಚ್ಚು ಕಟ್ ಆಗಿರುತ್ತೆ ಅಲ್ವಾ? ಒತ್ತಡ 6 ಬಾರ್‌ಗೆ ಇಳಿಯೋವರೆಗೆ ಮೋಟರ್ ಎದ್ದೇಳೋದೇ ಇಲ್ಲ. ಅಲ್ಲಿವರೆಗೆ ಗನ್ನು ಕುಡಿಯೋದೆಲ್ಲ ಟ್ಯಾಂಕಿನದೇ.

ಮೈಸೂರು_ಮೆಕ್
ಒಪ್ಪಿದೆ. ಹಾಗೆ ಹಿಡಿದರೆ ಮೊದಲ 100 ಲೀಟರ್ 20 ಸೆಕೆಂಡಲ್ಲಿ ಖಾಲಿ, ಉಳಿದ 150ಕ್ಕೆ ಒಂದು ನಿಮಿಷ. ಒಟ್ಟು ಒಂದೂವರೆ ನಿಮಿಷಕ್ಕೂ ಕಮ್ಮಿ. ನಿಮ್ಮ ತಿದ್ದುಪಡಿಯಿಂದ ಸಾಗರದವರ ಪರಿಸ್ಥಿತಿ ಇನ್ನೂ ಕೆಟ್ಟಿತು, ಅಷ್ಟೇ.

ಗುಜರಿ_ಗಣಪ
ಇಷ್ಟೊಂದು ಲೆಕ್ಕ ಯಾಕೆ? ಹಳೇ ಫ್ರಿಜ್ಜಿನ ಕಂಪ್ರೆಸರ್ ಎರಡು ಜೋಡಿಸಿ, ಅದಕ್ಕೆ ಖಾಲಿ ಗ್ಯಾಸ್ ಸಿಲಿಂಡರ್ ಟ್ಯಾಂಕು ಹಾಕಿ. ಸದ್ದೇ ಇಲ್ಲ. ನಾನು ಮಾಡಿದ್ದೆ, ಖರ್ಚು ಎರಡು ಸಾವಿರ.

ಮೈಸೂರು_ಮೆಕ್
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಫ್ರಿಜ್ಜಿನದು ಏರ್‌ಬ್ರಷ್ಷಿಗೆ ಸರಿ, ಕಾರಿಗೆ ಬೇಕಾದ ಗಾಳಿ ಅದರಲ್ಲಿ ಬರಲ್ಲ. ಅದಕ್ಕಿಂತ ಭಯ ಟ್ಯಾಂಕಿನದು. ಗಾಳಿ ತುಂಬಿದಾಗೆಲ್ಲ ಒಳಗೆ ನೀರು ನಿಲ್ಲುತ್ತೆ, ತಳ ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಏನೂ ಕಾಣಲ್ಲ. ಗ್ಯಾಸ್ ಸಿಲಿಂಡರಿಗೆ ತಳದಲ್ಲಿ ನೀರು ಬಿಡೋ ಕಾಕೂ ಇರಲ್ಲ. ಅದು ಸೀಳಿದರೆ ಪಕ್ಕದಲ್ಲಿ ನೀವು ಇರ್ತೀರಿ.

ಗುಜರಿ_ಗಣಪ
ನಾನಿನ್ನೂ ಇದ್ದೀನಲ್ಲ ಸ್ವಾಮಿ.

ಬ್ರೇಕ್‌ಫೇಲ್
ಸಿಲಿಂಡರ್ ಎಲ್ಲಿದೆ?

ಗುಜರಿ_ಗಣಪ
ಅಮ್ಮ ಗುಜರಿಗೆ ಹಾಕಿಸಿದರು.

ಉಡುಪಿ_ಪದ್ಮಿನಿ
ನಾನು ಅಪ್ಪನ ಹಳೇ ಪದ್ಮಿನಿ ಕಾರಿಗೆ ಮನೆಯಲ್ಲೇ ಬಣ್ಣ ಹೊಡೆದವಳು. ಯಾರೂ ನೀರಿನ ಮಾತು ಸರಿಯಾಗಿ ಎತ್ತಲಿಲ್ಲ, ನಾನು ಎತ್ತುತ್ತೇನೆ. ಸಾಗರವೂ ಕಮ್ಮಿ ಇಲ್ಲ ಮಾರಾಯ್ರೆ, ಮಲೆನಾಡಿನ ಗಾಳಿಯಲ್ಲೂ ನೀರೇ ಅಲ್ವಾ.

ನಮ್ಮಲ್ಲಿ ಜೂನ್ ತಿಂಗಳಲ್ಲಿ ಬಾನೆಟ್ಟಿಗೆ ಕೈ ಹಾಕಿದೆ. ಕಂಪ್ರೆಸರ್ ಬಾಯಿಗೇ ನೀರು ಹಿಡಿಯೋ ಫಿಲ್ಟರ್ ಸಿಕ್ಕಿಸಿದ್ದೆ, ಅಂಗಡಿಯವನು ಹಾಗೇ ಕೊಟ್ಟಿದ್ದ. ಹತ್ತು ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಗನ್ನು ಒಂದು ಸಲ 'ಪ್ಚ್' ಅಂದಿತು. ಬಾನೆಟ್ಟಿನ ನಟ್ಟನಡುವೆ ಉಗುಳಿದ ಹಾಗೆ ನೀರು. ಅಳು ಬಂತು.

ಆಮೇಲೆ ಗೊತ್ತಾಯಿತು. ಕಂಪ್ರೆಸರಿಂದ ಬರುವಾಗ ಗಾಳಿ ಬಿಸಿ ಇರುತ್ತೆ, ನೀರು ಆವಿಯಾಗಿ ಫಿಲ್ಟರನ್ನು ದಾಟಿ ಹೋಗುತ್ತೆ. ಪೈಪಲ್ಲಿ ತಣ್ಣಗಾದ ಮೇಲೆ ಹನಿಯಾಗುತ್ತೆ. ಹಾಗಾಗಿ ಮೊದಲು ಗಾಳಿ ತಣ್ಣಗಾಗಬೇಕು, ಆಮೇಲೆ ಫಿಲ್ಟರ್. ನಾನು ಎಂಟು ಮೀಟರ್ ತಾಮ್ರದ ಪೈಪನ್ನು ಸುರುಳಿ ಸುತ್ತಿ ಬಾವಿ ನೀರು ತುಂಬಿದ ಡ್ರಮ್ಮಲ್ಲಿ ಮುಳುಗಿಸಿದೆ. ಅದರ ಆಚೆ ತುದಿಗೆ ಫಿಲ್ಟರ್, ಅಲ್ಲಿಂದ ಗನ್ನಿಗೆ ಪೈಪು. ಮತ್ತೆ ಒಂದು ಹನಿ ಬಂದಿಲ್ಲ.

ಇನ್ನೊಂದು. ಬಾಗಿಲಿನ ಒಂದು ಮೂಲೆಯಲ್ಲಿ ಎಷ್ಟು ಸಲ ಹೊಡೆದರೂ ಮೀನಿನ ಕಣ್ಣಿನ ಹಾಗೆ ಗುಂಡಿ ಬೀಳುತ್ತಿತ್ತು. ಕಂಪ್ರೆಸರಿನ ಎಣ್ಣೆ ಬರ್ತಿದೆ ಅಂತ ಎರಡು ದಿನ ಅದನ್ನೇ ಬಿಚ್ಚಿದೆ. ಕಡೆಗೆ ನೋಡಿದರೆ ಅಮ್ಮ ಹಪ್ಪಳ ಒಣಗಿಸಲು ಹೋಗುವಾಗ ಅಲ್ಲಿ ಕೈ ಊರಿ ನಿಲ್ಲುತ್ತಿದ್ದರು. ತಲೆಗೆ ಹಚ್ಚಿದ ತೆಂಗಿನೆಣ್ಣೆ ಕೈ!

ದಾವಣಗೆರೆ_ಪೇಂಟರ್
ತಂಗೀ, ಹಪ್ಪಳದ ಕಥೆ ಓದಿ ಹೊಟ್ಟೆ ಹುಣ್ಣಾಯಿತು. ಆದರೆ ಮಾತು ಸರಿ. ಹೊಡೆಯೋಕೆ ಮುಂಚೆ ಪ್ಯಾನಲ್ಲು ಪೂರ್ತಿ ಜಿಡ್ಡು ತೆಗೆಯಬೇಕು, ಆಮೇಲೆ ಬರಿಗೈ ಮುಟ್ಟಿಸಬಾರದು.

ಒಂದು ಮಾತು ಮಾತ್ರ ಒಪ್ಪಲ್ಲ. ಮಳೆಗಾಲದಲ್ಲಿ ಹೊಡೆಯೋದೇ ತಪ್ಪು, ಡ್ರಮ್ಮು ಇದ್ದರೂ ಅಷ್ಟೆ. ಡ್ರಮ್ಮು ಪೈಪಿನ ಗಾಳಿ ಒಣಗಿಸುತ್ತೆ, ಶೆಡ್ಡಿನ ಗಾಳಿ ಒಣಗಿಸುತ್ತಾ? ಎನ್‌ಸಿ (ನೈಟ್ರೊಸೆಲ್ಯುಲೋಸ್, ಥಿನ್ನರ್ ಆರಿ ಒಣಗೋ ಹಳೇ ಥರದ್ದು) ಬಣ್ಣವಾದರೆ ಹೊಡೆದ ಹತ್ತು ನಿಮಿಷಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ.

ಉಡುಪಿ_ಪದ್ಮಿನಿ
ಮಳೆಗಾಲ ಬಿಟ್ಟರೆ ನಮಗೆ ಉಳಿಯೋದು ಬೆವರುಗಾಲ ಅಣ್ಣ.

ಹುಬ್ಳಿ_ವೈರ್‌ಮನ್
ಎಲ್ಲಾರೂ ಗಾಳಿ, ನೀರು ಮಾತಾಡಿದ್ರಿ, ಕರೆಂಟ್ ಬಿಟ್ರಿ.

2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಸುಮಾರು 10 ಆಂಪಿಯರ್ ಎಳೀತದ. ಚಾಲೂ ಆಗುವಾಗ ಅದರ ನಾಲ್ಕೈದು ಪಟ್ಟು. 16 ಆಂಪಿಯರ್ ಪವರ್ ಪ್ಲಗ್ಗಿಗೇ ಹಾಕ್ರಿ. ಟಿವಿ, ಮಿಕ್ಸರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ರ ಬಾಕ್ಸೇ ಕರಗತದ. ದೂರ ಎಳೆಯೋದಿದ್ರ ಎರಡೂವರೆ ಸ್ಕ್ವೇರ್ ಎಂಎಂ ತಂತಿ ಹಾಕ್ರಿ. ಅದಕ್ಕಿಂತ ತಂತಿ ಗಿಡ್ಡ ಇಟ್ಟು ಗಾಳಿ ಪೈಪು ಉದ್ದ ಮಾಡೋದು ಛಲೋ.

ಹಳ್ಳಿ ಕಡೆ ಇನ್ನೊಂದು ಆಟ ಐತಿ. ಕಂಪ್ರೆಸರ್ ತಾನಾಗೇ ನಿಂತಾಗ 'ಟುಸ್' ಅಂತ ಸದ್ದು ಕೇಳಿರಬೇಕಲ್ಲ? ಅದು ಹೆಡ್ಡಿನಾಗಿನ ಒತ್ತಡ ಬಿಡೋ ಸದ್ದು. ಮುಂದಿನ ಸಲ ಮೋಟರ್ ಹಗುರಾಗಿ ಎದ್ದೇಳಲಿ ಅಂತ. ಆದ್ರ ಓಡುವಾಗ ಕರೆಂಟ್ ಹೋದ್ರ ಆ 'ಟುಸ್' ಆಗೋದಿಲ್ಲ. ಒತ್ತಡ ಅಲ್ಲೇ ಕೂತಿರತದ. ಕರೆಂಟ್ ಬಂದ ಕೂಡಲೇ ಮೋಟರ್ ಆ ಭಾರ ಎತ್ತಲಿಕ್ಕೆ ಆಗದ 'ಗುಂಯ್' ಅಂತ ನಿಂತು ಸುಟ್ಟು ಹೋಗತದ. ಕರೆಂಟ್ ಹೋದ ತಕ್ಷಣ ಪ್ರೆಷರ್ ಸ್ವಿಚ್ಚಿನ ನಾಬ್ ಆಫ್ ಮಾಡ್ರಿ. 'ಟುಸ್' ಅನ್ನತದ, ಆಮೇಲೆ ಚಹಾ ಕುಡೀರಿ.

ಸಾಗರದ_800
ಅಯ್ಯೋ, ಇದು ನಮ್ಮೂರಿಗೇ ಬರೆದ ಹಾಗಿದೆ ಸರ್. ದಿನಕ್ಕೆ ಆರು ಸಲ ಹೋಗುತ್ತೆ.

ಟೆರೇಸ್_ಗ್ಯಾರೇಜ್
ಆಯಿಲ್ ಫ್ರೀ (ಎಣ್ಣೆ ಹಾಕದ) ಕಂಪ್ರೆಸರ್ ತಗೋಬೇಡಿ, ಸದ್ದು ವಿಪರೀತ. ನಾನು ಬೆಂಗಳೂರಲ್ಲಿ ಮೂರನೇ ಮಹಡಿ ಟೆರೇಸ್ ಮೇಲೆ ಸ್ಕೂಟರ್ ಪ್ಯಾನಲ್ಲು ಹೊಡೆಯುತ್ತಿದ್ದೆ. ಕೆಳಗಿನ ಮನೆ ಆಂಟಿ ಬಂದು 'ಏನಪ್ಪಾ, ರಾಗಿ ಮಿಲ್ ಹಾಕ್ಕೊಂಡಿದ್ದೀಯಾ' ಅಂದರು. ಈಗ ಬೆಲ್ಟಿನದು ಇದೆ. ನಿಧಾನ ತಿರುಗುತ್ತೆ, ತಣ್ಣಗಿರುತ್ತೆ, ಗಾಳಿಯೂ ಜಾಸ್ತಿ. ಹೊಸದು ನಿಮ್ಮ ಬಜೆಟ್ಟಿಗೆ ಬರಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಿ. ಕೊಯಮತ್ತೂರು ಕಡೆಯ ಹಳೇ ಬೆಲ್ಟ್ ಕಂಪ್ರೆಸರುಗಳು ಗಟ್ಟಿಮುಟ್ಟು.

ಹೊಸ್ದಾಗಿ_ಬಂದೆ
ಮಾಸ್ಕ್ ಯಾವುದು ಹಾಕಬೇಕು? ಮನೆಯಲ್ಲಿ ಕೊರೊನಾ ಟೈಮಿನ ಎನ್95 ಡಬ್ಬಿಗಟ್ಟಲೆ ಇದೆ.

ದಾವಣಗೆರೆ_ಪೇಂಟರ್
ನಾವೆಲ್ಲ 27 ವರ್ಷ ಕರ್ಚೀಫು ಕಟ್ಟಿಕೊಂಡೇ ಹೊಡೆದವರು. ಏನೂ ಆಗಿಲ್ಲ.

ಉಡುಪಿ_ಪದ್ಮಿನಿ
ಅಣ್ಣ, ನಿಮ್ಮ ಮೇಲೆ ಗೌರವ ಇದೆ, ಆದರೆ ಇದನ್ನು ಹೇಳಿಕೊಡಬೇಡಿ. 2ಕೆ ಬಣ್ಣ ಅಂದರೆ ಹಾರ್ಡನರ್ ಬೆರೆಸಿ ಹೊಡೆಯೋದು, ಆ ಹಾರ್ಡನರಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಉಬ್ಬಸ ಬರಿಸುತ್ತೆ. ಒಂದು ಸಲ ಮೈಗೆ ಅಲರ್ಜಿ ಹತ್ತಿದರೆ ಆಮೇಲೆ ಚೂರು ವಾಸನೆಗೂ ಎದೆ ಹಿಡಿದುಕೊಳ್ಳುತ್ತೆ. ಎನ್95 ಧೂಳಿಗೆ, ಆವಿಗೆ ಅಲ್ಲ. ಕಮ್ಮಿ ಅಂದರೂ ಎರಡು ಕಾರ್ಟ್ರಿಡ್ಜ್ ಇರೋ, ಮುಖಕ್ಕೆ ಬಿಗಿಯಾಗಿ ಕೂರೋ ಮಾಸ್ಕು ಬೇಕು. ಹೊರಗಿನ ಶುದ್ಧ ಗಾಳಿಯನ್ನು ಪೈಪಲ್ಲಿ ಕೊಡೋ ಮಾಸ್ಕು ಎಲ್ಲಕ್ಕಿಂತ ಒಳ್ಳೇದು. ಕೈಗವಸು, ಕನ್ನಡಕವೂ ಬೇಕು.

ದಾವಣಗೆರೆ_ಪೇಂಟರ್
ನಾನು ಹೊಡೆದಿದ್ದು ಬಹಳ ಕಾಲ ಎನ್‌ಸಿ. 2ಕೆ ಬಂದಿದ್ದು ಆಮೇಲೆ. ನನ್ನ ಜೊತೆ ಇದ್ದ ಹುಡುಗನೊಬ್ಬ ಈಗ ಇನ್‌ಹೇಲರ್ ಇಟ್ಟುಕೊಂಡು ಓಡಾಡ್ತಾನೆ, ಅದು ನಿಜ. ಆಯ್ತು, ಮಾಸ್ಕ್ ಹಾಕಿರಪ್ಪ.

ಮೈಸೂರು_ಮೆಕ್
ಮಾಸ್ಕಿನ ಮಾತು ಬಂತು ಅಂತ ಒಂದು ಅಡ್ಡ ಮಾತು. ಸ್ಪ್ರೇ ಗನ್ನಿನ ಡೆವಿಲ್‌ಬಿಸ್ ಕಂಪನಿ ಇದೆಯಲ್ಲ, ಅದನ್ನು ಶುರು ಮಾಡಿದವರು ಅಮೆರಿಕದ ಒಬ್ಬ ಗಂಟಲು ಡಾಕ್ಟರು. 1888ರಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸೋ ಉಪಕರಣಕ್ಕೆ ಅಂತ. ಬಣ್ಣದ ಗನ್ನು ಮಾಡಿದ್ದು ಆಮೇಲೆ ಅವರ ಮಗ.

ಬ್ರೇಕ್‌ಫೇಲ್
ಅಪ್ಪ ಗಂಟಲು ರಿಪೇರಿ ಮಾಡಿದರು, ಮಗ ಕೆಡಿಸಿದ.

ಗುಜರಿ_ಗಣಪ
ಒಂದು ಪ್ರಶ್ನೆ. ಬಟ್ಟೆಯಲ್ಲಿ ಬಾನೆಟ್ಟು ಒರೆಸಿದರೆ ಬಟ್ಟೆ ಕೆಂಪಾಗುತ್ತಾ? ಆಗುತ್ತೆ ಅಂದರೆ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲ, ಬಣ್ಣದ ಮೇಲ್ಪದರ ಮಾತ್ರ ಸತ್ತಿದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡಿ. ಅರ್ಧ ಗಾಡಿ ಅದರಲ್ಲೇ ಎದ್ದು ಬರಬಹುದು. ಕಂಪ್ರೆಸರೂ ಬೇಡ, ಮಾಸ್ಕೂ ಬೇಡ.

ಮೈಸೂರು_ಮೆಕ್
ಗಣಪ ಅವರೇ, ಸಿಲಿಂಡರ್ ಮಾತನ್ನು ಮರೆತೆ. ಇದು ಚಿನ್ನದಂಥ ಸಲಹೆ.

ಸಾಗರದ_800
ಈಗಷ್ಟೇ ಹೋಗಿ ಒರೆಸಿದೆ. ಅಮ್ಮನ ಹಳೇ ಸೀರೆ ತುಂಡು, ಪೂರ್ತಿ ಕುಂಕುಮ ಆಯಿತು! ಬಾಗಿಲುಗಳು ಉಜ್ಜಿದರೆ ಬರುತ್ತವೆ ಅನ್ನಿಸುತ್ತೆ. ಬಾನೆಟ್ಟಲ್ಲಿ, ಟಾಪಲ್ಲಿ ಮಾತ್ರ ಬಣ್ಣ ಹೋಗಿ ಬೂದು ಪ್ರೈಮರ್ ಇಣುಕುತ್ತಿದೆ. ಹಾಗಾದರೆ ಹೊಡೆಯಬೇಕಿರೋದು ಎರಡೇ ಪ್ಯಾನಲ್ಲು.

ದಾವಣಗೆರೆ_ಪೇಂಟರ್
ಎರಡೇ ಆದರೆ 2 ಎಚ್‌ಪಿ, ಎಲ್‌ವಿಎಲ್‌ಪಿ ಗನ್ನು, ಇಷ್ಟೇ ಸಾಕು. ನಿನ್ನ ಪುಣ್ಯ, ಮೆಟಾಲಿಕ್ ಅಲ್ಲ. ಮೆಟಾಲಿಕ್ ಆಗಿದ್ದರೆ ಗಾಳಿ ಚೂರು ಕಮ್ಮಿಯಾದರೂ ಮೋಡ ಮೋಡ ಕಾಣುತ್ತೆ. ಆದರೆ ಕೆಂಪಿಗೆ ಮೈ ಮುಚ್ಚೋ ಗುಣ ಕಮ್ಮಿ, ಮೊದಲ ಕೋಟ್ ನೋಡಿ ಗಾಬರಿಯಾಗಬೇಡ. ತೆಳ್ಳಗೆ ಮೂರು ನಾಲ್ಕು ಕೋಟ್ ಹೊಡಿ, ನಡುವೆ ಹತ್ತು ಹದಿನೈದು ನಿಮಿಷ ಬಿಡು. ಅಷ್ಟರಲ್ಲಿ ಟ್ಯಾಂಕೂ ತುಂಬಿರುತ್ತೆ. ಒತ್ತಡ ನೋಡುವಾಗ ಟ್ರಿಗರ್ ಒತ್ತಿ ಹಿಡಿದೇ ನೋಡು, ಬಿಟ್ಟಾಗ ಗೇಜು ಸುಳ್ಳು ಹೇಳುತ್ತೆ.

ಮತ್ತೆ, ಅಡಿಕೆ ಬೇಯಿಸೋ ಒಲೆ ಅದೇ ಶೆಡ್ಡಲ್ಲಿದೆಯಾ?

ಸಾಗರದ_800
ಇದೆ. ಹಂಡೆ ಸಮೇತ. ಈಗ ಸೀಸನ್ ಅಲ್ಲ, ಆದರೆ ಸ್ನಾನದ ನೀರು ಅಲ್ಲೇ ಕಾಯಿಸ್ತಾರೆ.

ದಾವಣಗೆರೆ_ಪೇಂಟರ್
ಅವತ್ತು ಎಲ್ಲರೂ ತಣ್ಣೀರು ಸ್ನಾನ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು. ಕಂಪ್ರೆಸರನ್ನೂ ಶೆಡ್ಡಿನ ಹೊರಗೆ ಇಡು, ಅದರ ಸ್ವಿಚ್ಚಲ್ಲೂ ಕಿಡಿ ಬರುತ್ತೆ. ಒಳಗಿಟ್ಟರೆ ಬಣ್ಣದ ಧೂಳನ್ನೇ ಎಳೆದುಕೊಂಡು ಫಿಲ್ಟರ್ ಕಟ್ಟಿಕೊಳ್ಳುತ್ತೆ ಬೇರೆ. ನೆಲಕ್ಕೆ ನೀರು ಚಿಮುಕಿಸು. ಸಂಜೆ ಹೊಡೆಯಬೇಡ, ಲೈಟಿಗೆ ಬರೋ ಹುಳಗಳೆಲ್ಲ ಬಾನೆಟ್ಟಿನ ಮೇಲೆ ಸಂಸಾರ ಹೂಡುತ್ತವೆ.

ಹೊಸ್ದಾಗಿ_ಬಂದೆ
ಬಣ್ಣ ಬದಲಾಯಿಸಿ ಹಳದಿ ಮಾಡಿದರೆ ಹೇಗಿರುತ್ತೆ? ಸಖತ್ ಅಲ್ವಾ?

ಟೆರೇಸ್_ಗ್ಯಾರೇಜ್
ಬಣ್ಣ ಬದಲಾದರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲೂ ಬದಲಾಯಿಸಬೇಕು. ಅದೇ ಬಣ್ಣ ಮತ್ತೆ ಹೊಡೆದರೆ ಏನೂ ಬೇಡ. ಕೆಂಪಿಗೆ ಕೆಂಪೇ ಇರಲಿ.

ಮೈಸೂರು_ಮೆಕ್
ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದುಕೊಳ್ಳಿ. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಕಾಕ್ ಮುಚ್ಚಿ ಓಡಿಸಿ. ಟ್ಯಾಂಕಿನ ಲೀಟರನ್ನು ಏರಿದ ಬಾರ್‌ನಿಂದ ಗುಣಿಸಿ, ಹಿಡಿದ ನಿಮಿಷದಿಂದ ಭಾಗಿಸಿ. ಬಂದಿದ್ದನ್ನು 28ರಿಂದ ಭಾಗಿಸಿದರೆ ನಿಜವಾದ ಸಿಎಫ್ಎಂ. ಸೇಫ್ಟಿ ವಾಲ್ವಿನ ರಿಂಗು ಎಳೆದು ನೋಡಿ, ಗಾಳಿ ಬಿಡದಿದ್ದರೆ ವಾಪಸ್ ಬನ್ನಿ. ತಳದಲ್ಲಿ ತುಕ್ಕು, ಬೆಸುಗೆ ತೇಪೆ ಕಂಡರೂ ವಾಪಸ್ ಬನ್ನಿ.

ಸಾಗರದ_800
ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ.

ಶಿವಮೊಗ್ಗದಲ್ಲಿ ಪಂಕ್ಚರ್ ಅಂಗಡಿಯೊಂದು ಮುಚ್ಚುತ್ತಿತ್ತು. 2 ಎಚ್‌ಪಿ ಬೆಲ್ಟಿನದು, 100 ಲೀಟರ್ ಟ್ಯಾಂಕು. ಸೊನ್ನೆಯಿಂದ 8 ಬಾರ್‌ಗೆ ಆರೂವರೆ ನಿಮಿಷ ಹಿಡಿಯಿತು. ಮೆಕ್ ಸರ್ ಲೆಕ್ಕದಲ್ಲಿ 4.4 ಸಿಎಫ್ಎಂ. ಸೇಫ್ಟಿ ವಾಲ್ವು ಸರಿ ಇತ್ತು. 14,500ಕ್ಕೆ ಮಾತಾಯಿತು. ಗನ್ನು, ಮಾಸ್ಕು, ಪೈಪು ಸೇರಿ ಬಜೆಟ್ ಮೇಲೆ ಎರಡೂವರೆ ಸಾವಿರ ಹೋಯಿತು, ಅಪ್ಪನಿಗೆ ಹೇಳಿಲ್ಲ.

ಬಾಗಿಲುಗಳು ಉಜ್ಜಿದ್ದಕ್ಕೇ ಹೊಳೆಯುತ್ತಿವೆ, ಗಣಪ ಅವರಿಗೆ ಒಂದು ನಮಸ್ಕಾರ. ಇವತ್ತು ಬೆಳಿಗ್ಗೆ ಬಾನೆಟ್ಟು ಹೊಡೆದೆ. ನಾಲ್ಕು ಕೋಟ್. ಮೂರನೇ ಕೋಟಲ್ಲಿ ಒಂದು ಕಡೆ ಬಣ್ಣ ಇಳಿದುಬಿಟ್ಟಿದೆ, ಅದನ್ನು ಒಣಗಿದ ಮೇಲೆ ವಾಟರ್ ಪೇಪರ್ ಹಾಕಿ ತೆಗೆಯುತ್ತೇನೆ. ಉಳಿದದ್ದು ನೋಡಿದರೆ ಮುಖ ಕಾಣುತ್ತೆ. ಅಪ್ಪ ಏನೂ ಮಾತಾಡಲಿಲ್ಲ, ಎರಡು ಸುತ್ತು ಹಾಕಿ ಒಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದರು.

ಒಂದು ಅನುಮಾನ. ಸಣ್ಣ ಸಣ್ಣ ಗುಂಡಿ ನಾಲ್ಕೈದು ಬಿದ್ದಿವೆ. ಜಿಡ್ಡು ಚೆನ್ನಾಗಿ ತೆಗೆದಿದ್ದೆ, ಯಾರೂ ಕೈ ಊರಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ಕಾಕ್ ಬಿಟ್ಟೆ. ಅರ್ಧ ಲೋಟ ನೀರು ಬಂತು, ಕಾಫಿ ಬಣ್ಣದ್ದು.

ದಾವಣಗೆರೆ_ಪೇಂಟರ್
ಭೇಷ್! ಮೊದಲು ಇದು ಹೇಳು. ಕಾಫಿ ಅಂದರೆ ಕರೀದಾ, ಹಾಲು ಹಾಕಿದ್ದಾ?

ಸಾಗರದ_800
ಹಾಲು ಹಾಕಿದ್ದು. ಮೇಲೆ ಸ್ವಲ್ಪ ನೊರೆನೂ ಇತ್ತು.

ದಾವಣಗೆರೆ_ಪೇಂಟರ್
ಬರೀ ತುಕ್ಕಾದರೆ ಹಾಲು ಇರಲ್ಲ. ಅದರಲ್ಲಿ ಎಣ್ಣೆ ಕಲೆತಿದೆ. ಪಂಕ್ಚರ್ ಅಂಗಡಿಯಲ್ಲಿ ದಿನವಿಡೀ ದುಡಿದಿದೆ, ಪಿಸ್ಟನ್ ರಿಂಗು ಸವೆದು ಎಣ್ಣೆ ಮೇಲೆ ಬರ್ತಿರಬೇಕು. ಟಾಪು ಹೊಡೆಯೋದು ನಿಲ್ಲಿಸು. ಗನ್ನಲ್ಲಿ ಬಣ್ಣ ಹಾಕದೆ ಬರೀ ಗಾಳಿಯನ್ನು ಬಿಳಿ ಕಾಗದದ ಮೇಲೆ ಎರಡು ನಿಮಿಷ ಬಿಡು. ಕಾಗದ ಬೆಳಕಿಗೆ ಹಿಡಿದು ನೋಡು.

ಸಾಗರದ_800
ಮಾಡಿದೆ. ಮೂರು ಚುಕ್ಕೆ ಇದೆ ಸರ್. ಜಿಡ್ಡು ಜಿಡ್ಡು, ಆರುತ್ತಿಲ್ಲ.

ಟೆರೇಸ್_ಗ್ಯಾರೇಜ್
ರಿಂಗ್ ಸೆಟ್ಟು ಸಿಗುತ್ತೆ, ಗಾಬರಿ ಆಗಬೇಡಿ. ಹೆಡ್ಡಿನ ಮೇಲಿರೋ ಮಾಡೆಲ್ ನಂಬರ್ ಫೋಟೊ ಹಾಕಿ, ಬೆಂಗಳೂರಿನ ಜೆಸಿ ರೋಡಲ್ಲಿ ವಿಚಾರಿಸುತ್ತೇನೆ.

ದಾವಣಗೆರೆ_ಪೇಂಟರ್
ಅದಕ್ಕೂ ಮುಂಚೆ ಎಣ್ಣೆ ಮಟ್ಟ ನೋಡು. ಗಾಜಿನ ಕಣ್ಣಲ್ಲಿ ಕೆಂಪು ಚುಕ್ಕೆಗಿಂತ ಮೇಲೆ ತುಂಬಿಸಿದ್ದರೂ ಹೀಗೇ ಉಗುಳುತ್ತೆ. ಎಷ್ಟಿದೆ?

ಸಾಗರದ_800
ನೋಡಿ ಹೇಳ್ತೀನಿ, ಇನ್ನೂ ಓಡ್ತಾ ಇದೆ, ನಿಲ್ಲಲಿ. ಥತ್, ಕರೆಂಟ್ ಹೋಯ್ತು.

ಹುಬ್ಳಿ_ವೈರ್‌ಮನ್
ಫೋನ್ ಇಡ್ರಿ ಕೆಳಗ! ಮೊದಲು ನಾಬ್ ಆಫ್ ಮಾಡ್ರಿ!